ಹತ್ತನೆಯ ಸೂಚಕ

ಚುನಾವಣಾ ಆಯೋಗಕ್ಕೂ ಪುತ್ತೂರಿನ ಜೋಯಿಸರಿಗೂ ಪರಿಚಯವಿರಲಿಲ್ಲ. ಇದ್ದಿದ್ದರೆ ಸಂಪಾಜೆಯ ಚನಿಯಪ್ಪನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಮತ್ತು ಲೋಕಸಭೆಯ ಮತದಾನ ಒಂದೇ ದಿನ ಬೀಳುತ್ತಿರಲಿಲ್ಲ. ಒಕ್ಕಲಿನ ಕಾಗದ ಆರುನೂರು ಮನೆಗೆ ಹಂಚಿ ಆಗಿತ್ತು. ಸರ್ಕಾರಿ ಹೈಸ್ಕೂಲಿನ ಗುಮಾಸ್ತನಾದ ಅವನಿಗೆ ಬೂತಿನ ಡ್ಯೂಟಿಯ ಆದೇಶವೂ ಬಂದಾಗಿತ್ತು.

"ಜೋಯಿಸರು ಕೊಟ್ಟ ದಿನ ಬದಲಿಸ್ಲಿಕ್ಕೆ ಇಲ್ಲ," ಎಂದಿದ್ದಳು ಹೆಂಡತಿ ದಮಯಂತಿ. "ಗಂಡ ಹೆಂಡತಿ ಒಟ್ಟಿಗೆ ನಿಂತು ಹಾಲು ಉಕ್ಕಿಸದಿದ್ರೆ ಆ ಮನೆಗೆ ನಾನು ಕಾಲಿಡುದಿಲ್ಲ."

ದಮಯಂತಿ ಹೇಳಿದರೆ ಹೇಳಿದ್ದೇ. ಹನ್ನೊಂದು ವರ್ಷ ಸ್ವಲ್ಪ ಸ್ವಲ್ಪವೇ ಕಟ್ಟಿದ ಮನೆಗೆ ಬೀಗ ಜಡಿಯುವುದನ್ನು ನೆನೆದು ಚನಿಯಪ್ಪನಿಗೆ ಊಟ ಸೇರದಾಯಿತು. ಆಗ ದಾರಿ ತೋರಿಸಿದವನು ಅದೇ ಶಾಲೆಯ ಡ್ರಾಯಿಂಗ್ ಮಾಷ್ಟ್ರು ವಿಷ್ಣುಪ್ರಸಾದ್. ಚಿತ್ರ ಅಷ್ಟಕ್ಕಷ್ಟೇ, ಕಾನೂನು ಮಾತ್ರ ಬಾಯಿಪಾಠ.

"ಅಭ್ಯರ್ಥಿಯ ಗಂಡನನ್ನು ಬೂತಲ್ಲಿ ಕೂರಿಸ್ಲಿಕ್ಕೆ ಆಗುದಿಲ್ಲ, ಚನಿಯಪ್ಪಣ್ಣ."

"ನಾನೇ ನಿಂತರೆ ಎಂತ?"

"ಸರ್ಕಾರಿ ನೌಕರರು ನಿಲ್ಲುವ ಹಾಗಿಲ್ಲ. ಕೆಲಸ ಬಿಡ್ತೀರಾ? ಅತ್ತಿಗೆಯನ್ನು ನಿಲ್ಲಿಸಿ. ಭಾರತದ ಪ್ರಜೆ, ಮತದಾರರ ಪಟ್ಟಿಯಲ್ಲಿ ಹೆಸರುಂಟು, ಇಪ್ಪತ್ತೈದು ತುಂಬಿದೆ. ಪಕ್ಷೇತರರಿಗೆ ಹತ್ತು ಜನ ಸೂಚಕರ ರುಜು ಬೇಕು, ಅಷ್ಟೇ."

ಇಪ್ಪತ್ತೈದು ಧಾರಾಳವಾಗಿ ತುಂಬಿತ್ತು. ಮದುವೆಯ ಹೊತ್ತಿಗೆ ಹೇಳಿದ್ದ ಲೆಕ್ಕದಲ್ಲಿ ದಮಯಂತಿಗೆ ಈಗ ನಲವತ್ತಾರು, ಮತದಾರರ ಪಟ್ಟಿಯಲ್ಲಿ ನಲವತ್ತೊಂಬತ್ತು. ಚನಿಯಪ್ಪ ಪಟ್ಟಿಯನ್ನು ಮಡಚಿಟ್ಟ. ಮಾಷ್ಟ್ರು ಠೇವಣಿ, ಅಫಿಡವಿಟ್ಟು ಎಲ್ಲ ಸಿದ್ಧಮಾಡಿದ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಬೆಳಿಗ್ಗೆ ರುಜು ಸಂಗ್ರಹ ಶುರುವಾಯಿತು. ಒಕ್ಕಲಿನ ಊಟಕ್ಕೆ ಕರೆದವನಿಗೆ ಒಂದು ರುಜು ಇಲ್ಲವೆನ್ನುವುದು ಹೇಗೆ? ಒಂಬತ್ತು ಗಂಟೆಗೆ ಹತ್ತು ರುಜು ಬಿದ್ದವು. ಹತ್ತನೆಯದು ಸಂಪಾಜೆಯಲ್ಲಿ ಟಯರಿನ ಅಂಗಡಿ ಇಟ್ಟಿರುವ ನಿಯಾಝ್‌ನದು.

ದಮಯಂತಿಯೂ ಸೇರಿ ಮೂವರು ಮಾಷ್ಟ್ರ ಕಾರಿನಲ್ಲಿ ಮಂಗಳೂರಿಗೆ ಹೊರಟರು. ಸುಳ್ಯ ದಾಟುವಾಗ ಮಾಷ್ಟ್ರು ಕೇಳಿದ, "ಈ ನಿಯಾಝ್‌ನ ಮನೆ ಎಲ್ಲಿ?"

"ನಮ್ಮ ಸಂಪಾಜೆಯ ಸೇತುವೆ ದಾಟಿದ ಕೂಡಲೇ."

ಮಾಷ್ಟ್ರು ಕಾರು ನಿಲ್ಲಿಸಿದ. "ಆಚೆ ಕೊಡಗು ಮಾರಾಯ್ರೆ. ಅವನ ವೋಟು ಬೇರೆ ಕ್ಷೇತ್ರದಲ್ಲಿ. ಅಭ್ಯರ್ಥಿ ದಿಲ್ಲಿಯವಳಾದ್ರೂ ಆಗ್ತದೆ, ಸೂಚಕ ಸೇತುವೆಯ ಆಚೆಯವ ಆಗ್ಲಿಕ್ಕಿಲ್ಲ."

"ದಿನಾ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಪೇಪರ್ ಓದುದು ಅವನು!"

"ಪೇಪರ್ ಓದಲಿ. ರುಜು ಆಗುದಿಲ್ಲ."

ಮೂರು ಗಂಟೆಗೆ ಮಂಗಳೂರಿನ ಚುನಾವಣಾ ಕಚೇರಿಯ ಬಾಗಿಲು ಮುಚ್ಚುತ್ತದೆ. ಹೊಸ ಸೂಚಕನನ್ನು ಹುಡುಕಿಕೊಂಡು ಕುಂಬ್ರದ ಒಂದು ಹೋಟೆಲಿಗೆ ನುಗ್ಗಿದರು. ಯಜಮಾನ ರೂಪೇಶ್ ಫಾರಮನ್ನು ತಿರುಗಿಸಿ ಮುರುಗಿಸಿ ನೋಡಿದ.

"ಸುಮ್ಮನೆ ರುಜು ಹಾಕುದಿಲ್ಲ. ಅಕ್ಕ ಎಂತಕ್ಕೆ ನಿಲ್ಲುದು, ಹೇಳ್ಲಿ."

ಚನಿಯಪ್ಪ ಮಾಷ್ಟ್ರ ಮುಖ ನೋಡಿದ. ನನ್ನ ಡ್ಯೂಟಿ ತಪ್ಪಿಸಲಿಕ್ಕೆ ಎನ್ನುವುದು ಹೇಗೆ? ಅಷ್ಟರವರೆಗೆ ಗೋಳಿಬಜೆ ತಿನ್ನುತ್ತಿದ್ದ ದಮಯಂತಿ ಕೈ ಒರೆಸಿಕೊಂಡಳು.

"ಪೇಟೆಗೆ ಬರುವ ದಿನ ನಾನು ಬೆಳಿಗ್ಗೆಯಿಂದ ನೀರು ಕುಡಿಯುದಿಲ್ಲ. ಇವತ್ತೂ ಕುಡಿದಿಲ್ಲ. ಯಾವ ಪೇಟೆಗೆ ಹೋದ್ರೂ ಹೆಂಗಸರಿಗೆ ಹೋಗ್ಲಿಕ್ಕೆ ಒಂದು ಜಾಗ ಹುಡುಕ್ಬೇಕು. ಗಂಡಸರಿಗೆ ಇದು ಗೊತ್ತೇ ಇಲ್ಲ. ಗೊತ್ತಿದ್ದವಳು ಒಬ್ಬಳು ಹೋಗಿ ಹೇಳ್ಬೇಡ್ವಾ?"

ಪಕ್ಕದ ಮೇಜಿನ ಇಬ್ಬರು ಹೆಂಗಸರು ಚಪ್ಪಾಳೆ ತಟ್ಟಿದರು. ರೂಪೇಶ್ ರುಜು ಹಾಕಿ, ಚಾದ ದುಡ್ಡೂ ಬೇಡವೆಂದ. ಇಷ್ಟು ಚಂದ ಸುಳ್ಳು ಹೇಳಲು ಇವಳು ಯಾವಾಗ ಕಲಿತಳು ಎಂದು ಚನಿಯಪ್ಪ ಹೆಮ್ಮೆಪಟ್ಟ.

ಮೂರಕ್ಕೆ ಇಪ್ಪತ್ತು ನಿಮಿಷವಿರುವಾಗ ನಾಮಪತ್ರ ಸಲ್ಲಿಕೆಯಾಯಿತು. ಚನಿಯಪ್ಪ ರಶೀದಿ ತೋರಿಸಿದ, ಡ್ಯೂಟಿಯ ಪಟ್ಟಿಯಿಂದ ಅವನ ಹೆಸರು ತೆಗೆಯಲು ಅಧಿಕಾರಿಗಳು ಒಪ್ಪಿದರು. ಸಂಜೆ ಹೊಸ ಮನೆಯ ಜಗಲಿಯಲ್ಲಿ ಅವನು ಕಾಲು ಚಾಚಿ ಕೂತ. ದಮಯಂತಿಯ ಫೋನು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. ಕುಂಬ್ರದ ಮಾತನ್ನು ಯಾರೋ ವೀಡಿಯೊ ಮಾಡಿ ಹಂಚಿದ್ದರು.

"ಇನ್ನು ಇಬ್ಬರೂ ನಿಂತು ಹಾಲು ಉಕ್ಕಿಸುವ," ಎಂದ ಚನಿಯಪ್ಪ.

"ಆ ದಿನವಾ? ಮತದಾನದ ದಿನ ಅಭ್ಯರ್ಥಿ ಒಲೆ ಮುಂದೆ ನಿಲ್ಲುದಾ? ಸುಳ್ಯ, ಕಡಬ, ಪುತ್ತೂರು, ಎಲ್ಲ ಕಡೆ ಬೂತು ನೋಡ್ಲಿಕ್ಕುಂಟು ನನಗೆ."

ಚನಿಯಪ್ಪ ಎದ್ದು ನಿಂತ. "ನಾಮಪತ್ರ ಹಿಂದೆ ತೆಗಿ."

"ತೆಗೆದ್ರೆ ನಿಮಗೆ ಪುನಃ ಡ್ಯೂಟಿ. ಮಾಷ್ಟ್ರು ಹೇಳಿದ್ದಾರೆ." ಮಾಷ್ಟ್ರು ತಲೆ ಎತ್ತಿ ಹೊಸ ಮಾಡಿನ ಹೆಂಚುಗಳನ್ನು ಪರೀಕ್ಷಿಸುತ್ತ ನಿಂತಿದ್ದ.

"ಹಾಗಾದ್ರೆ ನಾನು ನಿನ್ನ ಏಜೆಂಟ್ ಆಗಿ ಒಟ್ಟಿಗೆ ಬರ್ತೇನೆ."

"ಸರ್ಕಾರಿ ನೌಕರರಿಗೆ ಅದೂ ಇಲ್ಲ ಚನಿಯಪ್ಪಣ್ಣ," ಎಂದ ಮಾಷ್ಟ್ರು, ಮಾಡಿನಿಂದ ಕಣ್ಣು ತೆಗೆಯದೆ.

"ಮತ್ತೆ ಒಕ್ಕಲು?"

"ಜೋಯಿಸರಿಗೆ ಫೋನ್ ಮಾಡಿ ಆಯ್ತು. ಮುಂದಿನ ತಿಂಗಳು ಒಳ್ಳೆಯ ದಿನ ಉಂಟಂತೆ," ಎಂದಳು ದಮಯಂತಿ.

ದಿನ ಬದಲಿಸಬಹುದಾಗಿದ್ದರೆ ತಾನು ಡ್ಯೂಟಿಗೇ ಹೋಗಬಹುದಿತ್ತಲ್ಲ ಎಂದು ಚನಿಯಪ್ಪನಿಗೆ ಆಗ ಹೊಳೆಯಿತು. ದಮಯಂತಿ ಆರುನೂರು ಮನೆಗಳ ಪಟ್ಟಿಯನ್ನು ಅವನ ಕೈಗೆ ಕೊಟ್ಟಳು.

"ಒಕ್ಕಲು ಮುಂದೆ ಹೋಯ್ತು ಅಂತ ಎಲ್ಲ ಮನೆಗೂ ಹೋಗಿ ಹೇಳಿ ಬನ್ನಿ. ವೋಟು ಮಾತ್ರ ಕೇಳ್ಬೇಡಿ. ನೀವು ಸರ್ಕಾರಿ ನೌಕರ."