ಕುರ್ಚಿ ಕುಡಿಯುವ ಮನೆ

ನಜರ್‌ಬಾದಿನ ನಮ್ಮ ಮನೆಯಲ್ಲಿ ಯಾರು ಏನು ಹೇಳಿದರೂ, ಅದು ಅದೇನಾ ಅಂತ ಇನ್ನೊಂದು ಸಲ ಕೇಳಿಕೊಳ್ಳಬೇಕು. ಅಕ್ಕ ಬ್ಯಾಂಕ್ ಪರೀಕ್ಷೆಗೆ ಓದೋಕೆ ಕೂತಾಗಿನಿಂದ ಇಂಥದ್ದು ಆಗುತ್ತಲೇ ಇದೆ. ಎರಡು ಸಲ ಬರೆದು, ಎರಡು ಸಲವೂ ರೀಸನಿಂಗ್ ಪೇಪರಿನಲ್ಲಿ ಸ್ವಲ್ಪದರಲ್ಲೇ ಕೈತಪ್ಪಿತ್ತು. ಈ ಸಲವೂ ಆಗದಿದ್ದರೆ ಮದುವೆ ಅಂತ ಮನೆಯಲ್ಲಿ ತೀರ್ಮಾನ. ನಾನು ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಡುಮ್ಕಿ ಹೊಡೆದು ಅಪ್ಪನ ಊದುಬತ್ತಿ ಅಂಗಡಿಯಲ್ಲಿ ಕೂತವನು. ಸಾಯಂಕಾಲ ಗೈಡು ಹಿಡಿದು ಅಕ್ಕನಿಗೆ ಪ್ರಶ್ನೆ ಕೇಳುವ ಕೆಲಸ ನನ್ನದು. ಫೇಲಾದವನಿಗೆ ಬೇರೆಯವರನ್ನು ಪರೀಕ್ಷೆ ಮಾಡೋ ಸುಖವೇ ಬೇರೆ.

೧. ಬಾಯಾರಿದರೆ

ರೀಸನಿಂಗಿನಲ್ಲಿ ಸಂಕೇತ ಭಾಷೆ ಅಂತ ಒಂದು ಭಾಗ. ಒಂದರ ಹೆಸರು ಇನ್ನೊಂದಕ್ಕಿಟ್ಟು ತಲೆ ಕೆಡಿಸೋದು. ನಾನು ಓದಿದೆ: "ನೀರನ್ನು ಬೆಂಕಿ ಎಂದೂ, ಬೆಂಕಿಯನ್ನು ಗಾಳಿ ಎಂದೂ, ಗಾಳಿಯನ್ನು ಮಣ್ಣು ಎಂದೂ ಕರೆದರೆ, ಬಾಯಾರಿದವನು ಏನು ಕುಡಿಯುತ್ತಾನೆ?"

ಅಕ್ಕ ಕಣ್ಣು ಮುಚ್ಚಿ ಯೋಚಿಸುತ್ತಿದ್ದಳು. ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಮ್ಮ "ಮಜ್ಜಿಗೆ" ಅಂದಳು.

"ಉತ್ತರ ಬೆಂಕಿ ಕಣಮ್ಮ. ಕೊಟ್ಟಿರೋ ನಾಲ್ಕರಲ್ಲಿ ಮಜ್ಜಿಗೇನೇ ಇಲ್ಲ."

"ಬಾಯಾರಿದೋನಿಗೆ ಬೆಂಕಿ ಕುಡಿಸೋ ಬ್ಯಾಂಕಿಗೆ ನನ್ನ ಮಗಳು ಯಾಕೋ ಹೋಗ್ಬೇಕು?"

೨. ಕಾಂಪೌಂಡಿನ ಮೇಲೆ

ಇನ್ನೊಂದು ಥರದ್ದು ಇಂಗ್ಲಿಷ್ ಅಕ್ಷರದ್ದು. ಪ್ರತಿ ಅಕ್ಷರದ ಬದಲು ಅದರ ಮುಂದಿನದು ಬರೆಯೋದು. ಎ ಇದ್ದಲ್ಲಿ ಬಿ, ಬಿ ಇದ್ದಲ್ಲಿ ಸಿ. ಕಲಿತ ವಿದ್ಯೆ ಉಪಯೋಗಿಸಬೇಕಲ್ಲ. ನನಗೆ ಟ್ಯೂಷನ್ ಹೇಳಿದ ಲೆಕ್ಕದ ಮೇಷ್ಟ್ರು ಪಕ್ಕದ ಮನೆಯವರೇ. ಅವರ ಕಾಂಪೌಂಡಿನ ಮೇಲೆ ಸೀಮೆಸುಣ್ಣದಲ್ಲಿ ಇ, ಪಿ, ಓ, ಎಲ್, ಎಫ್, ಝಡ್ ಅಂತ ಬರೆದುಬಿಟ್ಟೆ. ಬಿಡಿಸಿದರೆ ಡಾಂಕಿ.

ಮೇಷ್ಟ್ರು ತಾವೇ ಗುದ್ದಾಡಿ ಸಾಕಾಗಿ, ಚೀಟಿಯಲ್ಲಿ ಬರೆದುಕೊಂಡು ಅಕ್ಕನ ಹತ್ತಿರ ಬಂದರು. ಅಕ್ಕ ಚೀಟಿ ನೋಡಿದಳು, ನನ್ನನ್ನು ನೋಡಿದಳು.

"ಸ್ವಾಗತ ಅಂತಿದೆ ಸಾರ್. ವೆಲ್ಕಮ್."

ಮೇಷ್ಟ್ರು ಬೆರಳು ಮಡಿಸಿದರು. "ಅದು ಏಳಕ್ಷರ ಅಲ್ವೇನಮ್ಮ? ಇಲ್ಲಿ ಆರೇ ಇದೆ."

"ಬರೆದೋನಿಗೆ ಎಣಿಸೋಕೆ ಬರಲ್ಲ ಸಾರ್. ನಿಮ್ಮ ಹತ್ರಾನೇ ಲೆಕ್ಕ ಕಲಿತಿರೋದು."

೩. ಅಪ್ಪನ ಹೌದು

ಪರೀಕ್ಷೆ ಹತ್ತಿರ ಬಂದಂತೆ ಅಕ್ಕ ಒಂದು ಕಾನೂನು ಮಾಡಿದಳು. ಅಭ್ಯಾಸವಾಗಲಿ ಅಂತ ಮನೆಯಲ್ಲಿ ಕಾಫಿಗೆ ಕುರ್ಚಿ ಅನ್ನಬೇಕು, ಕುರ್ಚಿಗೆ ಕೊಡೆ ಅನ್ನಬೇಕು, ಕೊಡೆಗೆ ಕಾಫಿ ಅನ್ನಬೇಕು. ಹೌದು ಅನ್ನೋ ಕಡೆ ಇಲ್ಲ, ಇಲ್ಲ ಅನ್ನೋ ಕಡೆ ಹೌದು. ನಾನು ಬೆಳಿಗ್ಗೆ ಎದ್ದು "ಅಮ್ಮಾ, ಬಿಸಿ ಬಿಸಿ ಕುರ್ಚಿ ಕೊಡು" ಅಂದರೆ ಅಮ್ಮ ಸೌಟು ತೋರಿಸುತ್ತಿದ್ದಳು.

ಅಪ್ಪ ಮಾತ್ರ ಪೇಪರಿನ ಹಿಂದೆ. ಅಪ್ಪನದೊಂದು ಕಾಯಿಲೆ, ಯಾರಿಗೂ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಗಂಧದ ಬತ್ತಿ ಖಾಲಿಯಾಗಿ ವಾರವಾಗಿದ್ದರೂ, ಗಿರಾಕಿ ಕೇಳಿದರೆ "ಹೌದು, ನಾಳೆ ಬನ್ನಿ" ಅನ್ನುತ್ತಾರೆ.

"ಅಪ್ಪಾ, ನೀವೂ ಆಟಕ್ಕೆ ಸೇರ್ಕೊಳ್ತೀರಾ?" ಅಂತ ಅಕ್ಕ ಕೇಳಿದಳು.

ಪೇಪರಿನ ಹಿಂದಿನಿಂದ "ಹೌದು" ಅಂತ ಬಂತು.

ಅದು ಯಾವ ಹೌದು ಅಂತ ನಾವಿಬ್ಬರೂ ತಲೆ ಕೆಡಿಸಿಕೊಂಡದ್ದೇ ಬಂತು. ಗೈಡಿನ ಕೊನೆಯಲ್ಲೂ ಉತ್ತರ ಇರಲಿಲ್ಲ.

೪. ಬಾಗಿಲ ಹಿಂದೆ ಕಾಫಿ

ಪರೀಕ್ಷೆಯ ಹಿಂದಿನ ದಿನ ರಾಮಕೃಷ್ಣನಗರದಿಂದ ಹುಡುಗನ ಅಪ್ಪ ಅಮ್ಮ ಹೆಣ್ಣು ನೋಡೋಕೆ ಬಂದುಬಿಟ್ಟರು. ಅಪ್ಪನ ಹಳೇ ಗಿರಾಕಿಗಳು. ಪರೀಕ್ಷೆ ಮುಗಿಯುವವರೆಗೂ ತಡೀರಿ ಅಂತ ಅಪ್ಪ ಹೇಳಬೇಕಿತ್ತು. ಆದರೆ ಅಪ್ಪ ಹೇಳೋದುಂಟಾ? ಹೊರಗೆ ಜಿಟಿಜಿಟಿ ಮಳೆ. ಅವರ ಕೊಡೆಗಳನ್ನು ನಾನೇ ಇಸ್ಕೊಂಡು ಬಾಗಿಲ ಹಿಂದೆ ಇಟ್ಟೆ.

ಉಪ್ಪಿಟ್ಟು, ಕಾಫಿ ಎಲ್ಲ ಆಯಿತು. ಹುಡುಗನ ಅಪ್ಪ ಮೀಸೆ ಒರೆಸಿಕೊಂಡು, "ಹುಡುಗ ಫೋಟೋದಲ್ಲೇ ಒಪ್ಪಿದ್ದಾನೆ, ನಮಗೂ ಒಪ್ಪಿಗೆ. ನಾಳೆ ದಿನ ಚೆನ್ನಾಗಿದೆ, ಹೂ ಮುಡಿಸಿಬಿಡೋಣ. ಆ ಪರೀಕ್ಷೆ ಗಿರೀಕ್ಷೆ ಇನ್ಯಾಕೆ, ಬುಟ್ಬುಡ್ಲಿ. ಏನಂತೀರಿ ಯಜಮಾನ್ರೆ?" ಅಂದರು.

ಅಪ್ಪ "ಹೌದು" ಅಂದರು.

ಅಕ್ಕ ತಲೆ ತಗ್ಗಿಸಿದಳು. ತಗ್ಗಿಸಿದ ತಲೆಯಲ್ಲೇ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸತೊಡಗಿದಳು. ನನಗೂ ಒಂದು ತಮಾಷೆಯೂ ಹೊಳೆಯಲಿಲ್ಲ.

ಅಪ್ಪ ನನ್ನ ಕಡೆ ತಿರುಗಿ, "ಮಗಾ, ಇವರಿಗೆ ಕಾಫಿ ತಂದುಕೊಡು" ಅಂದರು.

"ಈಗ ತಾನೇ ಕುಡಿದ್ರಲ್ರೀ," ಅಂದಳು ಅಮ್ಮ.

"ನೀನು ತಗೊಂಬಾರೋ. ಬಾಗಿಲ ಹಿಂದೆ ಇದೆ ನೋಡು, ಕಾಫಿ."

ಅಕ್ಕ ತಟ್ಟನೆ ತಲೆ ಎತ್ತಿದಳು. ನಾನು ಒಂದೇ ನೆಗೆತಕ್ಕೆ ಹೋಗಿ ಕೊಡೆಗಳನ್ನು ತಂದು ಅವರ ಕೈಗಿಟ್ಟೆ.

"ಇದೇನ್ರೀ, ಕಾಫಿ ಅಂದ್ರೆ ಕೊಡೆ ತಂದವ್ನೆ?"

"ಎಸ್ಸೆಸ್ಸೆಲ್ಸಿ ಫೇಲು ಸ್ವಾಮಿ, ಅವನಿಗೆ ತಿಳಿಯೋದೇ ಅಷ್ಟು," ಅಂತ ಅಪ್ಪ ಎದ್ದು ನಿಂತರು. "ಹೆಂಗೂ ತಂದ್ಬುಟ್ಟಿದ್ದಾನೆ. ಮಳೆ ಜೋರಾಗೋಕೆ ಮುಂಚೆ ಹೊರಟುಬಿಡಿ. ನಾಳೆ ಪರೀಕ್ಷೆಗೆ ಮಗು ಓದ್ಕೋಬೇಕು."

ಮಾರನೇ ಬೆಳಿಗ್ಗೆ ಅಕ್ಕನನ್ನು ಬಸ್ಸು ಹತ್ತಿಸೋಕೆ ಅಪ್ಪನೂ ನಾನೂ ಹೋದೆವು. ಮಳೆ ಇನ್ನೂ ಬಿಟ್ಟಿರಲಿಲ್ಲ. ಬಸ್ಸು ಬಂತು. ಅಪ್ಪ ಇದ್ದ ಒಂದೇ ಕೊಡೆಯನ್ನು ಮಡಿಸಿ ಅಕ್ಕನ ಕೈಗೆ ತುರುಕಿ, "ಕಾಫಿ ಇಟ್ಕೊಳ್ಳಮ್ಮ, ಅಲ್ಲಿ ಇಳಿದ ಮೇಲೆ ನೆನೀಬೇಡ" ಅಂದರು. ಅಕ್ಕ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾ ಹತ್ತಿದಳು.

ಸ್ಟಾಪಿನಲ್ಲಿ ನಿಂತಿದ್ದ ಅಜ್ಜಿಯೊಬ್ಬಳು ಕಿಟಕಿಯಲ್ಲಿ ಕಾಣುತ್ತಿದ್ದ ಕೊಡೆಯನ್ನು ನೋಡಿದಳು, ತೊಯ್ದು ತೊಪ್ಪೆಯಾಗಿ ನಿಂತ ಅಪ್ಪನನ್ನು ನೋಡಿದಳು. "ಯಾಕಪ್ಪ, ಉಷಾರಾಗಿದ್ದೀಯಾ?"

ಹುಟ್ಟಿದಾಗಿನಿಂದ ಆ ಒಂದು ಮಾತು ಯಾರಿಗೂ ಅಂದಿರದ ಅಪ್ಪ, ಬಸ್ಸು ತಿರುವು ದಾಟುವವರೆಗೂ ಕೈ ಬೀಸಿ, ಅಜ್ಜಿಯ ಕಡೆ ತಿರುಗಿ ಬಾಯ್ತುಂಬ "ಇಲ್ಲ" ಅಂದರು.