ಕಣ್ಣು ಬದಲಾಯಿಸುವ ಕ್ಯಾಮರಾ ಮತ್ತು ಗೌರಿಯ ಧಾರೆ ಸೀರೆ

ಮನುಷ್ಯನ ನೆನಪನ್ನು ನಂಬಬಾರದು. ಮದರಾಸಿನಲ್ಲಿ ಬಿ.ಎ. ಓದುವಾಗ ತರ್ಕಶಾಸ್ತ್ರದ ಗುರುಗಳು ಹೇಳಿಕೊಟ್ಟದ್ದರಲ್ಲಿ ನನಗೆ ಈಗಲೂ ನೆನಪಿರುವುದು ಇದೊಂದೇ!

ಈ ತತ್ವವನ್ನು ಕಂಕುಳಲ್ಲಿ ಇರುಕಿಕೊಂಡು ನಾನು ಚಳ್ಳಕೆರೆಗೆ ಶಾಲೆಯ ಮೇಷ್ಟ್ರಾಗಿ ಬಂದೆ. ಯಾರಾದರೂ ‘ನಮ್ಮಜ್ಜ ಹುಲಿ ಹೊಡೆದಿದ್ದ’ ಎಂದರೆ, ‘ನೀವು ಕಣ್ಣಾರೆ ಕಂಡಿರಾ? ಕಂಡಿದ್ದರೂ ಸರಿಯಾಗಿ ನೆನಪಿದೆಯೇ?’ ಎಂದು ಕೇಳುತ್ತಿದ್ದೆ. ಬರಬರುತ್ತಾ ಜನ ನನ್ನೆದುರು ಅಜ್ಜಂದಿರ ಸುದ್ದಿ ಎತ್ತುವುದನ್ನೇ ಬಿಟ್ಟರು. ನನ್ನ ನೆನಪಿಗೂ ನಾನು ರಿಯಾಯಿತಿ ತೋರಿಸಿದವನಲ್ಲ. ಮನೆಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ಹೋದ ಮೇಲೆ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುತ್ತಿದ್ದೆ. ಒಮ್ಮೆ ಹಾಗೆ ಜಗ್ಗುತ್ತಿದ್ದಾಗ ಒಳಗಿನಿಂದ ದನಿ ಬಂತು: “ಭದ್ರವಾಗೈತೆ ಕಣ್ರೀ, ತೆಗೀರಿ. ನಾನು ಒಳಗಿದೀನಿ!”

ಅದು ನನ್ನ ಹೆಂಡತಿ ತಿಪ್ಪಮ್ಮ.

ಇಂಥ ನನ್ನ ಮೇಲೆ ತಂಗಿ ಗೌರಿಯ ಮದುವೆಯ ಹೊಣೆ ಬಿತ್ತು. ಹಿಂದೆ ಬಂದ ಎರಡು ಸಂಬಂಧಗಳು ನನ್ನ ವಾದದ ಬಿಸಿ ತಾಳದೆ ಅಂಗಳದಿಂದಲೇ ಎದ್ದುಹೋಗಿದ್ದವು. ಮೂರನೆಯದು ದನ ಮೇಯುವ ಉಳ್ಳಾರ್ತಿ ಕಾವಲಿನ ಮಗ್ಗುಲಿಗಿದ್ದ ಕುದಾಪುರದ ಮನೆತನ. ಹುಡುಗನನ್ನು ಗೌರಿ ಬಾಗಿಲ ಸಂದಿಯಿಂದ ನೋಡಿ ನಕ್ಕಿದ್ದಳು. ನಕ್ಕವಳು ನನ್ನ ಹತ್ತಿರ ಬಂದು, “ಅಣ್ಣಾ, ಈ ಸಲ ವಾದ ಮಾಡಬ್ಯಾಡ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಆಯಿತು ಎಂದು ಅವಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಆ ಮನೆಯ ಯಜಮಾನಿ ಹುಡುಗನ ಅಜ್ಜಿ ಓಬಮ್ಮ. ಅವರ ಮಾತೇ ಅಲ್ಲಿ ಸರ್ಕಾರಿ ಹುಕುಂ. ಕುದಾಪುರದಲ್ಲಿ ನಿಶ್ಚಯದ ದಿನ ಅಜ್ಜಿ ಎಲೆಯಡಿಕೆ ಕೆನ್ನೆಗೆ ಒತ್ತರಿಸಿ ಹುಕುಂ ಹೊರಡಿಸಿದರು:

“ನಮ್ಮಲ್ಲಿ ಧಾರೆಗೆ ಕೂರೋ ಸೊಸೆ ನಮ್ಮತ್ತೆ ಸೀರೆಯಂಥದ್ದೇ ಉಟ್ಕಂಡು ಬರ್ಬೇಕು. ಅದೇ ಅಂಚು, ಅದೇ ಬಣ್ಣ. ಮೊಳಕಾಲ್ಮುರಿನಾಗೇ ನೇಯಿಸ್ಬೇಕು. ಆದ್ರೆ ನಮ್ಮನೆ ಧಾರೆ ಸೀರೆ ಯಾವುದೂ ಹೊಸಲು ದಾಟಂಗಿಲ್ಲ. ಧಾರೆ ಮುಗಿಯೋ ತನಕ ಹೊರಗಿನ ಗಂಡಸು ಅದನ್ನ ಕಣ್ಣಿಂದ ನೋಡಂಗೂ ಇಲ್ಲ.”

ನೇಯುವವನು ಗಂಡಸು. ಅವನು ನೋಡುವಂತಿಲ್ಲ. ಸೀರೆ ಅವನ ಬಳಿಗೆ ಹೋಗುವಂತಿಲ್ಲ. ಆದರೂ ಅಂಥದ್ದೇ ಆಗಬೇಕು! ನನ್ನ ನಾಲಿಗೆ ತುರಿಸಿತು. ಗೌರಿಯನ್ನು ನೆನೆದು ಕಚ್ಚಿಕೊಂಡೆ.

ಮನೆಗೆ ಬಂದ ಮೇಲೆ ತಿಪ್ಪಮ್ಮ, “ಅದಕ್ಯಾಕೆ ಅಷ್ಟು ಯೋಚ್ನೆ? ಇವತ್ತು ನನಗೂ ಗೌರಿಗೂ ಅಜ್ಜಿ ಸೀರೆ ಬಿಚ್ಚಿ ತೋರಿಸಿದ್ರು. ನಾನು ಮೊಳಕಾಲ್ಮುರಿಗೆ ಬಂದು ನೇಯೋರಿಗೆ ಬಾಯಾಗೆ ಹೇಳ್ತೀನಿ. ಅಂಚಿನಾಗೆ ಗಿಣಿ ಐತೆ, ಗೋಪುರ ಐತೆ, ಇನ್ನು ಮೈ ಬಣ್ಣ…” ಎಂದು ಶುರುಮಾಡಿದಳು.

ನಾನು ಕೈಯೆತ್ತಿ ತಡೆದೆ. “ಸಾಕು! ನೀನು ಹೇಳೋದು ಸೀರೆಯ ಸುದ್ದಿಯಲ್ಲ, ನಿನ್ನ ನೆನಪಿನ ಸುದ್ದಿ. ನೆನಪು ಪ್ರಮಾಣವಲ್ಲ.”

“ಹಂಗಾದ್ರೆ ಯಾವುದು ಪ್ರಮಾಣ?”

“ಕ್ಯಾಮರಾ!”

ತಿಪ್ಪಮ್ಮ ಬಾಯಿ ಮುಚ್ಚಿದಳು. ಆಮೇಲೆ ಆ ಸೀರೆಯ ಬಣ್ಣದ ಮಾತನ್ನು ಅವಳು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಈ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ.

ನನ್ನ ಜೊತೆ ಓದಿದ ಶ್ರೀನಿವಾಸ ದಾವಣಗೆರೆಯಲ್ಲಿ ಫೋಟೋ ತೆಗೆಯುವ ಅಂಗಡಿ ಇಟ್ಟಿದ್ದ. ಅವನಲ್ಲಿ ಎರಡು ಕ್ಯಾಮರಾಗಳಿದ್ದವು. “ಒಂದನ್ನ ನೀನು ತಗೊಂಡು ಹೋಗು, ಇನ್ನೊಂದು ನನ್ನ ಕೆಲಸಕ್ಕೆ ಬೇಕು. ಯಾವುದು ಅಂತ ನೀನೇ ನೋಡಿ ಹೇಳು” ಎಂದ. ಅಂದು ಅವನು ಒಂದೇ ಒಂದು ಕ್ಯಾಮರಾ ಇಟ್ಟುಕೊಂಡಿದ್ದರೆ ನನ್ನ ಮಾನ ಅರ್ಧವಾದರೂ ಉಳಿಯುತ್ತಿತ್ತು.

ಮೊದಲನೆಯದು ಸಣ್ಣದು. ಬೆಲ್ಲದ ಅಚ್ಚಿನಷ್ಟು ಕರಿ ಡಬ್ಬಿ. ಮುಂದುಗಡೆ ಒಂದೇ ಕಣ್ಣು, ಅದನ್ನು ಕೀಳುವಂತಿಲ್ಲ, ಬದಲಾಯಿಸುವಂತಿಲ್ಲ. ಎದೆಗೆ ಒತ್ತಿ ಹಿಡಿದು ಕಡ್ಡಿ ಅದುಮಿದರೆ ಮುಗಿಯಿತು. ಎರಡನೆಯದು ತೇಗದ ಮರದ್ದು. ಕಮ್ಮಾರನ ತಿದಿಯಂಥ ಚರ್ಮದ ಹೊಟ್ಟೆ, ಮೂರು ಕಾಲಿನ ಸ್ಟ್ಯಾಂಡು, ಹಿಂದೆ ತಲೆ ಮುಚ್ಚಿಕೊಳ್ಳಲು ಕರಿ ಬಟ್ಟೆ. ಇದಕ್ಕೆ ಹಿತ್ತಾಳೆ ಕೊಳವೆಯ ಕಣ್ಣುಗಳು ಎರಡಿದ್ದವು. ಹತ್ತಿರದ ಸಾಮಾನಿಗೆ ಒಂದು, ದೂರದ್ದಕ್ಕೆ ಇನ್ನೊಂದು. ತಿರುಪಿ ಬಿಚ್ಚಿ, ಬೇಕಾದದ್ದನ್ನು ಹಾಕಿಕೊಳ್ಳಬಹುದು.

ನಾನು ಸಣ್ಣದನ್ನು ಎತ್ತಿಕೊಂಡೆ. ಕೆಳಗಿಟ್ಟೆ. ದೊಡ್ಡದನ್ನು ಸವರಿದೆ. ಮತ್ತೆ ಸಣ್ಣದನ್ನು ಎತ್ತಿಕೊಂಡೆ. ಸಣ್ಣದು ಸುಲಭ, ಆದರೆ ಆರಡಿಗಿಂತ ಹತ್ತಿರ ಹೋದರೆ ಅದಕ್ಕೆ ಮಂಜುಗಣ್ಣು. ಗಿಣಿಯ ಕೊಕ್ಕು ಕಾಣಬೇಕಾದರೆ ದೊಡ್ಡದೇ ಬೇಕು. ಆದರೆ ದೊಡ್ಡದರಲ್ಲಿ ತಪ್ಪು ಮಾಡಲು ಅವಕಾಶಗಳು ಹೇರಳ!

“ಲೇ, ಹುಡುಗಿಗೆ ಗಂಡು ಗೊತ್ತು ಮಾಡೋವಾಗಲೂ ನೀನು ಇಷ್ಟು ಹೊತ್ತು ತಗೊಂಡಿರಲಿಕ್ಕಿಲ್ಲ ಕಣೋ” ಎಂದ ಶ್ರೀನಿವಾಸ.

ಕೊನೆಗೆ ದೊಡ್ಡದನ್ನೇ ಆರಿಸಿದೆ. ಗಾಡಿಯಲ್ಲಿ ಅದು ಬಂದಿಳಿದಾಗ ತಿಪ್ಪಮ್ಮ ಸುತ್ತು ಹಾಕಿ ನೋಡಿದಳು. ಬೇಕೆಂದಾಗ ಕಣ್ಣು ಬದಲಾಯಿಸಬಹುದು ಎಂದು ಹೆಮ್ಮೆಯಿಂದ ವಿವರಿಸಿದೆ.

“ಕಣ್ಣು ಬದಲಾಯಿಸಿದ್ರೆ ಏನು ಬಂತು? ಹಿಂದಿರೋ ತಲೆ ಅದೇ ಅಲ್ವಾ?” ಎಂದು ಒಲೆಯ ಕಡೆ ಹೋದಳು.

ಕುದಾಪುರದ ದಾರಿಯಲ್ಲೇ ಸಂಕಟ ಆರಂಭವಾಯಿತು. ಹತ್ತಿರಕ್ಕೆ ಉದ್ದನೆಯ ಕಣ್ಣೋ, ಗಿಡ್ಡನೆಯದೋ? ಶ್ರೀನಿವಾಸ ಹೇಳಿದ್ದ. ಯಾವುದೆಂದು ಹೇಳಿದ್ದ? ಕಾವಲಿನ ಹುಲ್ಲಿನ ನಡುವೆ ಗಾಡಿ ನಿಲ್ಲಿಸಿ, ಸ್ಟ್ಯಾಂಡು ನೆಟ್ಟು, ಮೇಯುತ್ತಿದ್ದ ಅಮೃತಮಹಲ್ ಹೋರಿಯೊಂದರ ಮೇಲೆ ಪರೀಕ್ಷೆಗೆ ತೊಡಗಿದೆ. ಕರಿ ಬಟ್ಟೆಯೊಳಗೆ ತಲೆಯಿಟ್ಟೆ. ಗಾಜಿನ ಮೇಲೆ ಹೋರಿ ತಲೆಕೆಳಗಾಗಿ ಸಣ್ಣದಾಗಿ ಕಂಡಿತು. ಕಣ್ಣು ಬದಲಾಯಿಸಿದೆ. ದೊಡ್ಡದಾಗಿ ಕಂಡಿತು. ಇದೇ ಸರಿ ಎಂದುಕೊಳ್ಳುವಷ್ಟರಲ್ಲಿ ಇನ್ನೂ ದೊಡ್ಡದಾಯಿತು. ಮತ್ತೂ ದೊಡ್ಡದಾಯಿತು. ವಿಜ್ಞಾನದ ಈ ಚಮತ್ಕಾರಕ್ಕೆ ಬೆರಗಾಗಿ ನಿಂತಿದ್ದೆ.

“ಮೇಷ್ಟ್ರೇ, ಓಡ್ರೀ!” ಎಂದು ಗಾಡಿಯವನು ಕೂಗಿದ.

ಹೋರಿ ನಿಜವಾಗಿಯೇ ಬರುತ್ತಿತ್ತು! ಸ್ಟ್ಯಾಂಡು ಸಮೇತ ಎತ್ತಿಕೊಂಡು ನಾನು ಗಾಡಿಗೆ ಹಾರಿದೆ. ಮೂರು ಕಾಲಿನದು, ಎರಡು ಕಾಲಿನದು, ನಾಲ್ಕು ಕಾಲಿನದು, ಎಲ್ಲವೂ ಅಂದು ಕಾವಲಿನಲ್ಲಿ ಓಡಿದವು.

ಓಬಮ್ಮಜ್ಜಿ ಪಡಸಾಲೆಯಲ್ಲಿ ಕೂತು ಯಂತ್ರವನ್ನು ತಪಾಸಣೆ ಮಾಡಿದರು.

“ಸೀರೆನ ನೀನು ನೋಡಂಗಿಲ್ಲ ಅಂತ ಹೇಳಿದ್ದೆ.”

“ನಾನು ನೋಡಲ್ಲ ಅಜ್ಜಿ, ಯಂತ್ರ ನೋಡ್ತೈತೆ.”

“ಯಂತ್ರ ಗಂಡೋ ಹೆಣ್ಣೋ?”

“ಎರಡೂ ಅಲ್ಲ ಅಜ್ಜಿ. ಇಂಗ್ಲೆಂಡಿನದು.”

ಅಜ್ಜಿ ಹಿತ್ತಾಳೆ ಕಣ್ಣನ್ನು ಬೆರಳಿನಿಂದ ತಟ್ಟಿ ನೋಡಿದರು. ಕೊನೆಗೆ ಆಗಲಿ ಎಂದು ತಲೆಯಾಡಿಸಿದರು. ಬದುಕಿದೆ ಎಂದು ಕರಿ ಬಟ್ಟೆ ಕೊಡವಿದ್ದೇ ತಡ, ಅಜ್ಜಿ ಎದ್ದು ನಿಂತರು.

“ಏ! ಧಾರೆ ಸೀರೆ ಮುಂದೆ ಕರಿ ಬಟ್ಟೆನಾ? ಮೊದ್ಲು ಆಚೆಗೆ ಹಾಕು ಅದನ್ನ! ಲಗ್ನ ಮಾಡೋಕೆ ಬಂದೀಯೋ, ಮುರಿಯೋಕೆ ಬಂದೀಯೋ?”

ಸಣ್ಣ ಡಬ್ಬಿಯನ್ನೇ ಆರಿಸಿದ್ದರೆ ಬಟ್ಟೆಯೂ ಬೇಕಿರಲಿಲ್ಲ, ಹೋರಿಯೂ ಬೆನ್ನಟ್ಟುತ್ತಿರಲಿಲ್ಲ! ತಲೆ ಮುಚ್ಚಿಕೊಳ್ಳದೆ ಗಾಜಿನಲ್ಲಿ ಏನೂ ಕಾಣುವುದಿಲ್ಲ ಎಂದು ಗೋಗರೆದೆ. ಅಜ್ಜಿ ದೇವರ ಕೋಣೆಗೆ ಹೋಗಿ, ದೇವರ ಪೆಟ್ಟಿಗೆಗೆ ಹೊದಿಸುತ್ತಿದ್ದ ಕೆಂಪು ವಸ್ತ್ರ ತಂದು ತಾವೇ ನನ್ನ ತಲೆಯ ಮೇಲೆ ಎಳೆದರು. ಅಂಚನ್ನು ಬಿಗಿಯಾಗಿ ಹಿಡಿದು ಪಕ್ಕದಲ್ಲೇ ನಿಂತರು. ಕಳ್ಳನನ್ನು ಹಿಡಿದ ಹಾಗೆ!

“ಹ್ಞೂಂ, ಈಗ ಸೀರೆ ತಂದು ಗೋಡೆಗೆ ಹಾಕ್ರಮ್ಮಾ” ಎಂದು ಸೊಸೆಯರಿಗೆ ಅಪ್ಪಣೆಯಾಯಿತು.

ಅಂಗಳದ ಬಿಸಿಲು ಆ ವಸ್ತ್ರದೊಳಗೆ ಸೋಸಿ ಬರುತ್ತಿತ್ತು. ಒಳಗೆ ಕುಂಕುಮ ಚೆಲ್ಲಿದಂಥ ಬೆಳಕು. ಗಾಜಿನಲ್ಲಿ ಗೋಪುರಗಳು ತಲೆಕೆಳಗಾಗಿ ನೇತಾಡುತ್ತಿದ್ದವು, ಗಿಣಿಗಳು ಬೆನ್ನ ಮೇಲೆ ಮಲಗಿದ್ದವು. ಕಣ್ಣಿಗೆ ಮುಚ್ಚಳ ಹಾಕಿ, ಗಾಜಿನ ಜಾಗಕ್ಕೆ ಪಟ ಹಿಡಿಯುವ ಪ್ಲೇಟು ಸಿಕ್ಕಿಸಿ, ಮುಚ್ಚಳ ತೆಗೆದೆ, ಎಣಿಸಿದೆ, ಹಾಕಿದೆ. ಕೂಡಲೇ ಅನುಮಾನ. ಮುಚ್ಚಳ ನಿಜಕ್ಕೂ ತೆಗೆದಿದ್ದೆನೇ? ಇನ್ನೊಂದು ಪ್ಲೇಟು ಹಾಕಿ ಮತ್ತೆ ತೆಗೆದೆ. ಅಷ್ಟರಲ್ಲಿ ವಸ್ತ್ರದ ಸಂದಿಯಿಂದ ಒಂದು ಚೂರು ನೇರವಾಗಿ ನೋಡೋಣವೆಂದು ಕತ್ತು ಹೊರಳಿಸಿದೆ. ಅಜ್ಜಿಯ ಮುಷ್ಟಿ ನನ್ನ ಮೂಗಿಗೆ ತಗುಲಿತು. ಬೇರೇನೂ ಕಾಣಲಿಲ್ಲ.

“ಮುಗೀತಾ?”

“ಮುಗೀತು ಅಜ್ಜಿ.”

ಸೀರೆ ಮಡಿಸಿ ಒಳಗೆ ಹೋದ ಮೇಲೆಯೇ ನನಗೆ ಬಿಡುಗಡೆ.

ಪ್ಲೇಟುಗಳು ದಾವಣಗೆರೆಗೆ ಹೋಗಿ ಪಟವಾಗಿ ಬಂದವು. ಆಹಾ! ಒಂದೊಂದು ಗಿಣಿಯ ಕೊಕ್ಕೂ, ಗೋಪುರದ ಮೇಲಿನ ಕಳಶವೂ ಎಣಿಸುವಂತಿತ್ತು. ಮನುಷ್ಯನ ನೆನಪಿಗೆ ಇದು ಸಾಧ್ಯವೇ? ತಿಪ್ಪಮ್ಮನಿಗೂ ತೋರಿಸದೆ ಒಬ್ಬನೇ ಮೊಳಕಾಲ್ಮುರಿಗೆ ಹೊರಟೆ. ಸೀರೆ ಬಂದ ಮೇಲೆ ಒಮ್ಮೆಗೇ ಅವಳ ಬಾಯಿ ಮುಚ್ಚಿಸಬೇಕೆಂಬ ಹಂಚಿಕೆ.

ತೆಲುಗು ಬೆರೆಸಿ ಮಾತಾಡುವ ನೇಕಾರ ಈರಣ್ಣ ಮಗ್ಗದ ಗುಂಡಿಯಿಂದ ಎದ್ದು ಬಂದು ಪಟ ಹಿಡಿದು ನೋಡಿದ. “ಅಬ್ಬಬ್ಬಾ! ಚಾಲಾ ಚೆನ್ನಾಗೈತೆ ಸಾಮಿ! ಅಂಚು ಇದರಂಗೇ ಎತ್ತಿ ಕೊಡ್ತೀನಿ.” ಪಟವನ್ನು ಹಿಂದೆ ಮುಂದೆ ತಿರುಗಿಸಿದ. “ಅದು ಸರಿ, ಏಂ ರಂಗು ಸಾಮಿ?”

“ಅಂದರೆ?”

“ಬಣ್ಣ ಸಾಮಿ. ರೇಷ್ಮೆ ನೂಲಿಗೆ ಯಾವ ಬಣ್ಣ ಹಾಕ್ಲಿ? ಇದ್ರಾಗೆ ಬರೀ ಬೂದಿ ಕಾಣ್ತೈತೆ.”

ಪಟವನ್ನು ಅವನ ಕೈಯಿಂದ ಕಿತ್ತುಕೊಂಡು ನೋಡಿದೆ. ನಿಜ, ಬರೀ ಬೂದಿ! ಎರಡು ಕ್ಯಾಮರಾಗಳ ನಡುವೆ ಅಷ್ಟು ತೂಗಿದೆ, ಅಳೆದೆ. ಎರಡಕ್ಕೂ ಬಣ್ಣ ಕಾಣುವುದಿಲ್ಲ ಎಂಬುದು ಹೊಳೆದಿರಲೇ ಇಲ್ಲ! ಹಾಗಾದರೆ ಉಳಿದದ್ದೇನು? ನನ್ನ ನೆನಪು!

ಕಣ್ಣು ಮುಚ್ಚಿದೆ. ತಲೆಕೆಳಗಾದ ಗೋಪುರಗಳು ಎದುರಿಗೆ ಬಂದವು. ಕೆಂಪು. ಅಪ್ಪಟ ಕೆಂಪು. ಅಂಥ ಸ್ಪಷ್ಟವಾದ ನೆನಪು ನನಗೆ ಹುಟ್ಟಿದಾರಭ್ಯ ಬಂದಿರಲಿಲ್ಲ. ಮನೆಗೆ ಹೋಗಿ ತಿಪ್ಪಮ್ಮನನ್ನು ಕೇಳಿ ಬರಲೇ? ಕೇಳಿದರೆ ನನ್ನ ತತ್ವದ ಗತಿ? ಬಾಳಿನಲ್ಲಿ ಮೊದಲ ಸಲ ನನ್ನ ನೆನಪನ್ನು ನಂಬಿದೆ.

“ಕೆಂಪು. ಕುಂಕುಮದ ಕೆಂಪು.”

“ಖಚಿತನಾ ಸಾಮಿ? ನೂಲಿಗೆ ಒಂದ್ಸಲ ಬಣ್ಣ ಹಿಡಿದ್ರೆ ಮುಗೀತು.”

“ನಾನು ಬಿ.ಎ. ಮಾಡಿದವನಯ್ಯಾ!” ಎಂದೆ. ಈರಣ್ಣ ಕೈಮುಗಿದ.

ಸೀರೆ ಬಂದದ್ದು ಮದುವೆಯ ಹಿಂದಿನ ದಿನ. ಮದುವೆ ಗಂಡಿನ ಮನೆಯಲ್ಲೇ. ಗಾಡಿಗಳು ಬಾಗಿಲಲ್ಲಿ ನಿಂತಿದ್ದವು. ನಾನು ಎಲ್ಲರನ್ನೂ ಸುತ್ತ ಕೂರಿಸಿ, ಗಂಟು ಬಿಚ್ಚಿ ಸೀರೆ ಹರಡಿದೆ. ತಿಪ್ಪಮ್ಮ ಸೆರಗು ಎತ್ತಿ ಬೆಳಕಿಗೆ ಹಿಡಿದಳು.

“ಇದೇನ್ರೀ ಇದು, ಕೆಂಪು?”

“ಮತ್ತೆ?”

“ಅದು ಹಸುರು ಕಣ್ರೀ! ಕಡು ಹಸುರು! ಅವತ್ತೇ ಹೇಳಕ್ಕೆ ಬಂದ್ರೆ ಬಾಯಿ ಮುಚ್ಚಿಸಿದ್ರಲ್ಲ!”

ಒಬ್ಬಳ ನೆನಪನ್ನು ಪ್ರಮಾಣವೆಂದು ಒಪ್ಪಲಾಗದು ಎಂದು ಗೌರಿಯ ಕಡೆ ತಿರುಗಿದೆ. ಅವಳು ಅಳುತ್ತಾ, “ಹಸುರೇ ಅಣ್ಣಾ” ಎಂದಳು. ಇಬ್ಬರಾದರು. ವಾದಿಸಲು ದಾರಿ ಉಳಿಯಲಿಲ್ಲ.

ಬೇರೆ ಸೀರೆ ನೇಯಿಸಲು ಸಮಯವಿಲ್ಲ. ಅದನ್ನೇ ಗಂಟು ಕಟ್ಟಿಕೊಂಡು ಕುದಾಪುರಕ್ಕೆ ಗಾಡಿ ಹತ್ತಿದೆವು. ಕಾವಲಿನಲ್ಲಿ ಅದೇ ಹೋರಿ ತಲೆಯೆತ್ತಿ ನೋಡಿತು. ಅಂದು ಅದು ನನ್ನನ್ನು ಹಾಯ್ದುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಧಾರೆಗೆ ಮುಂಚೆ ಸೀರೆಯ ತಟ್ಟೆ ಓಬಮ್ಮಜ್ಜಿಯ ಮುಂದೆ ಹೋಯಿತು. ಓಲಗ ನಿಂತಿತು. ಅಜ್ಜಿ ಮೇಲಿನ ವಸ್ತ್ರ ಸರಿಸಿದರು. ಹೆಂಗಸರ ನಡುವೆ ಗುಜುಗುಜು ಎದ್ದಿತು. ಗೌರಿ ತಲೆ ತಗ್ಗಿಸಿ ಕೂತಿದ್ದಳು.

“ಮೇಷ್ಟ್ರನ್ನ ಕರೀರಿ.”

ಹೋಗಿ ನಿಂತೆ.

“ಯಾವ ಬಣ್ಣ ಇದು?”

“ಕೆಂಪು, ಅಜ್ಜಿ.”

“ಅವತ್ತು ಯಂತ್ರದಾಗೆ ನಿಂಗೆ ಕಂಡಿದ್ದು ಇದೇನಾ?”

“ಹೌದಜ್ಜಿ” ಎಂದೆ.

ಅಜ್ಜಿ ನನ್ನನ್ನು ನೋಡಿದರು. ಸೀರೆಯನ್ನು ನೋಡಿದರು. ಬೊಚ್ಚುಬಾಯಿ ತೆರೆದು ನಗತೊಡಗಿದರು.

“ನಾನೇ ಹೊದಿಸಿದ್ದು ಕಣ್ರೇ, ದೇವರ ಪೆಟ್ಟಿಗೆ ಮೇಲಿನ ಕೆಂಪು ಬಟ್ಟೆ! ಅದರೊಳಗೆ ಇವನಿಗೆ ಎಲ್ಲಾ ಕೆಂಪಗೆ ಕಂಡೈತೆ. ಕದ್ದು ನೋಡಿದ್ದಿದ್ರೆ ಹಸುರು ಸೀರೆ ತರ್ತಿದ್ದ. ನೋಡ್ದೇ ಇದ್ದಿದ್ದಕ್ಕೇ ಕೆಂಪು ತಂದಾನೆ. ಮಾತಿಗೆ ತಪ್ಪದ ಗಂಡಸು! ಇಂಥ ಮನೆ ಹೆಣ್ಣು ಬ್ಯಾಡ ಅಂತಾರೇನು? ಅಂಚು ಅದೇ ಐತೆ. ಉಡಿಸ್ರಿ!”

ಓಲಗ ಮೊಳಗಿತು. ಗೌರಿ ತಲೆಯೆತ್ತಿದಳು. ಕದ್ದು ನೋಡಲು ಹೋಗಿ ಮೂಗಿಗೆ ಮುಷ್ಟಿ ತಗುಲಿಸಿಕೊಂಡ ಮಹಾನುಭಾವನ ಸತ್ಯಸಂಧತೆಯನ್ನು ಊರೆಲ್ಲ ಕೊಂಡಾಡುವಾಗ ನಾನು ವಿನಯದಿಂದ ನೆಲ ನೋಡುತ್ತಿದ್ದೆ. ತಿಪ್ಪಮ್ಮ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು: “ದಡ್ಡತನಕ್ಕೆ ಇಷ್ಟು ಮರ್ಯಾದೆ ಸಿಗ್ತೈತೆ ಅಂತ ಗೊತ್ತಿರ್ಲಿಲ್ಲ ಕಣ್ರೀ!”

ಮದುವೆಗೆ ಬಂದಿದ್ದ ಶ್ರೀನಿವಾಸ, ನಾನು ಬೇಡವೆಂದು ಬಿಟ್ಟಿದ್ದ ಸಣ್ಣ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಕಡ್ಡಿ ಅದುಮಿದ. ಅಷ್ಟೇ. ಆ ಪಟದಲ್ಲಿ ಗೌರಿ ತನ್ನ ಕೆಂಪು ಸೀರೆಯಲ್ಲಿ ನಿಂತಿದ್ದಾಳೆ. ಪಕ್ಕದಲ್ಲಿ ಅವಳ ಅತ್ತೆ, ತಮ್ಮ ಕಾಲದ ಧಾರೆ ಸೀರೆಯಲ್ಲಿ. ಅದು ಹಸುರು. ಕಡು ಹಸುರು.

ಆ ಪಟ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಬಂದವರಿಗೆಲ್ಲ ತಿಪ್ಪಮ್ಮ ಈ ಕತೆಯನ್ನು ಒಂದಕ್ಷರ ಬಿಡದೆ ಹೇಳುತ್ತಾಳೆ. ಅವಳ ನೆನಪಿನಲ್ಲಿ ಇದುವರೆಗೆ ಒಂದು ತಪ್ಪೂ ಸಿಕ್ಕಿಲ್ಲ. ನಾನು ಮಾತ್ರ ಸುಮ್ಮನೆ ಆ ಪಟದ ಕಡೆ ಬೆರಳು ತೋರಿಸುತ್ತೇನೆ. ಅದರಲ್ಲಿ ಎರಡು ಸೀರೆಗಳೂ ಒಂದೇ ಬಣ್ಣ, ಬೂದಿ. ಈ ಭೂಮಂಡಲದಲ್ಲಿ ನನ್ನ ಪರವಾಗಿ ಸಾಕ್ಷಿ ಹೇಳುವುದು ಅದೊಂದೇ ಕ್ಯಾಮರಾ!