ಒಂದೇ ಕ್ಯಾಸೆಟ್ಟಿನ ಹಿಂದೆ

೧೯೯೪, ಜೂನ್ ಹನ್ನೆರಡು. ಮೋಡ ಕವಿದಿತ್ತು, ಗಾಳಿ ಬೀಸುತ್ತಿತ್ತು, ಮಳೆ ಮಾತ್ರ ಬರಲಿಲ್ಲ. ಆ ದಿನ ಮಿರಜಿನ ಹತ್ತಿರದ ವಿಶ್ರಾಮಬಾಗದ ನನ್ನ ವಿಡಿಯೋ ಲೈಬ್ರರಿಗೆ ಹಳೆಯದೊಂದು ಇಂಗ್ಲಿಷ್ ಸಿನಿಮಾದ ಕ್ಯಾಸೆಟ್ ತಂದೆ. ಸೂಟು ತೊಟ್ಟ ವಜ್ರಗಳ್ಳ, ಅವನ ಬೆನ್ನು ಹತ್ತಿದ ಚೆಲುವೆ. ಓಣಿಓಣಿಗೆ ಕೇಬಲ್ ಬಂದು ಗಿರಾಕಿಗಳು ಕರಗುತ್ತಿದ್ದರು; ಕೇಬಲ್‌ನವನ ಹತ್ತಿರ ಇಲ್ಲದ್ದು ಇದೊಂದೇ. ಅದು ಬಾಡಿಗೆಗೆ ಹೊರಗೆ ಹೋದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೋದಾಗಲೆಲ್ಲ ಏನಾದರೊಂದು ಆಗುತ್ತಲೇ ಇತ್ತು.

ಅರ್ಧ ಬಾಡಿಗೆ

ಮಾಲಗಾಂವದ ದ್ರಾಕ್ಷಿ ತೋಟದ ಯಜಮಾನರು ಕ್ಯಾಸೆಟ್ ಮರಳಿಸಿ ಅರ್ಧ ಬಾಡಿಗೆ ಇಟ್ಟರು.

"ಉಳಿದದ್ದು?"

"ಕಳ್ಳ ಇನ್ನೂ ಸಿಕ್ಕಿಲ್ರಿ. ಅಂವ ಸಿಗೂ ಭಾಗ ಬಂದ ಮ್ಯಾಲ ಕೊಡ್ತೇನಿ."

ಮಾವಶಿಯ ತೀರ್ಪು

ಪಕ್ಕದ ಮನೆಯ ಜೈನರ ಮಾವಶಿ, ಓಣಿಗೆಲ್ಲ ಚಿಕ್ಕಮ್ಮ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಸಿನಿಮಾ ಪೂರ್ತಿ ನೋಡಿದರು. ಇಂಗ್ಲಿಷ್ ಒಂದಕ್ಷರ ಬಾರದು. ಮರುದಿನ ಕೇಳಿದರು, "ಆ ಹುಡುಗಿ ಅವನ್ನ ಹಿಡಿಯಾಕ ಬಂದಾಳೋ, ಮದಿವಿ ಆಗಾಕ ಬಂದಾಳೋ?"

"ಹಿಡಿಯಾಕ ಬಂದಾಳ್ರಿ. ಆಮ್ಯಾಲ ಮನಸ ಕೊಟ್ಟಾಳ."

"ಹಂಗಾರ ಇನ್ನ ಎಲ್ಲಿ ತಪ್ಪಿಸಿಕೊಳ್ತಾನ ಬಿಡು."

ವಸೂಲಿ

ಮಾಧವನಗರದ ಮಿಲ್ಲಿನ ಗುಮಾಸ್ತ ಒಯ್ದವನು ತರಲೇ ಇಲ್ಲ. ಅಂಗಡಿಯಲ್ಲಿ ಕೂರುತ್ತಿದ್ದ ಅಣ್ಣನ ಮಗಳನ್ನು ವಸೂಲಿಗೆ ಕಳಿಸಿದೆ. ದಿನಾ ಸಂಜೆ ಮೊಪೆಡ್ ಮೇಲೆ ಹೋಗಿ ಬರಿಗೈಯಲ್ಲಿ ಬರುವಳು.

"ಕರೆಂಟ್ ಹೋಗೇತ್ರಿ ಕಾಕಾ. ಕ್ಯಾಸೆಟ್ ಮಷೀನಿನ್ಯಾಗ ಸಿಕ್ಕೊಂಡೇತಿ."

ಮರುದಿನವೂ ಕರೆಂಟ್. ಅದರ ಮರುದಿನವೂ. ತಡೆಯದೆ ನಾನೇ ಹೋದೆ. ಗುಮಾಸ್ತನ ಅವ್ವ ಬಾಗಿಲು ತೆರೆದರು. ಒಳಗೆ ಫ್ಯಾನ್ ತಿರುಗುತ್ತಿತ್ತು.

"ನಿಮ್ಮ ಹುಡುಗಿ ಮೊದಲನೇ ದಿನಾನ ಒಯ್ದಾಳಲ್ರಿ. ಮತ್ತ ದಿನಾ ಯಾಕ ಬರ್ತಾಳ ಅಂತ ನಾನ ನಿಮ್ಮನ್ನ ಕೇಳಾಕಿದ್ದೆ."

ಹಿಂದಿರುಗಿ ಮೊಪೆಡ್ಡಿನ ಡಿಕ್ಕಿ ತೆರೆದೆ. ಇತ್ತು.

"ಕೊಟ್ಟಿದ್ರ ಮತ್ತ ಯಾವ ನೆವಾ ಹೇಳಿ ಹೋಗಬೇಕಿತ್ರಿ?" ಎಂದಳು.

ಬೈಠಕ್

ಅಣ್ಣನ ಮಗಳಿಗೂ ಆ ಗುಮಾಸ್ತನಿಗೂ ಮದುವೆಯ ಮಾತಿಗೆ ಮಿರಜಿನ ಅಣ್ಣನ ಮನೆಯಲ್ಲಿ ಕೂತೆವು. ಹುಡುಗನ ಅಪ್ಪ, "ನಮಗೇನೂ ಬ್ಯಾಡ್ರಿ. ಹುಡುಗಿಗೆ ಹೊತ್ತು ಹೋಗಾಕ ಒಂದು ಕಲರ್ ಟಿವಿ ಕೊಡ್ರಿ" ಎಂದರು. ಅಣ್ಣನ ಮುಖ ಇಳಿಯಿತು.

"ಆತ್ರಿ," ಎಂದೆ. "ಮೊದಲ ನಿಮ್ಮ ಹುಡುಗ ಕ್ಯಾಸೆಟ್ ಇಟ್ಕೊಂಡಿದ್ದಕ್ಕ ಲೇಟ್ ಫೀ ಮಾತಾಡೂಣು."

ಹುಡುಗ ಬಾಯಿ ತೆರೆದ. ನಿಜ ಹೇಳಿದರೆ ಹಿರಿಯರೆದುರು ಹುಡುಗಿ ಸಿಕ್ಕಿಬೀಳುತ್ತಾಳೆ. ಅವಳು ಅವಲಕ್ಕಿ ತಟ್ಟೆ ಹಿಡಿದು ಅವನನ್ನೇ ನೋಡುತ್ತಿದ್ದಳು. ಅವನ ಅವ್ವ ನಗು ತಡೆಯಲು ಸೆರಗು ಬಾಯಿಗೊತ್ತಿಕೊಂಡು ಕಿಟಕಿಯ ಕಡೆ ತಿರುಗಿದರು.

"ನಾನ ಇಟ್ಕೊಂಡಿದ್ನಿ," ಎಂದ. "ಟಿವಿ ಬ್ಯಾಡಪ್ಪಾ."

ಅಲ್ಲೇ ಅಡಿಕೆ ಒಡೆದು ಮಾತು ಪಕ್ಕಾ ಮಾಡಿದೆವು.

ಅಂಗಡಿ ಕಾಯುತ್ತಿದ್ದ ಹೆಂಡತಿ, ನಾನು ಮೆಟ್ಟಿಲು ಹತ್ತುವ ಮೊದಲೇ ಕೇಳಿದಳು: "ಕಡೀಕ ಏನ ಕೊಟ್ಟ ಬಂದ್ರಿ?"

"ಆ ಕ್ಯಾಸೆಟ್. ಬೀಗರು ಇನ್ನೂ ನೋಡಿಲ್ಲಂತ."